ಕೋವಿಡ್ ಲಸಿಕೆ ಹಾಕಿಸಿಕೊಳ್ಳದವರಿಗೆ ಮುಂಬಯಿ ಲೋಕಲ್ ರೈಲು ನಿರಾಕರಿಸಿದ್ದು ಸ್ವಾತಂತ್ರ್ಯಹರಣವೇ?

ಭಾಗಶಃ ಹೌದು, ಆದರೆ ಸಾಂಕ್ರಾಮಿಕದ ಕಾಲದ ಪ್ರತಿಯೊಂದು ನಿರ್ಬಂಧವೂ ಅನ್ಯಾಯವಲ್ಲ. ಒಬ್ಬರ ಆಯ್ಕೆಯ ಅಪಾಯ ಅವರಿಗಷ್ಟೇ ತಟ್ಟುವುದೋ, ಪಕ್ಕದವರಿಗೂ ತಟ್ಟುವುದೋ ಎಂಬುದನ್ನು ಮೊದಲು ನೋಡಬೇಕು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದವರಿಗೆ ಗೊತ್ತು, ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುವ ಆ ಡಬ್ಬಿಯಲ್ಲಿ ಮಾಸ್ಕ್ ತೆಗೆಯುವುದು ಖಾಸಗಿ ವಿಚಾರವಾಗಿ ಉಳಿಯುವುದಿಲ್ಲ.

ಲಸಿಕೆಯ ಮಾತು ಬೇರೆ. 2021ರ ಆಗಸ್ಟ್ 15ರಿಂದ, ಎರಡನೇ ಡೋಸ್ ಪಡೆದು 14 ದಿನ ಕಳೆದ ಸಾಮಾನ್ಯ ಪ್ರಯಾಣಿಕರಿಗೆ ಮಾತ್ರ ಲೋಕಲ್ ತೆರೆಯಲಾಯಿತು. ಲಸಿಕೆಯು ತೀವ್ರ ಕಾಯಿಲೆಯನ್ನು ಚೆನ್ನಾಗಿ ತಡೆದರೂ ಸೋಂಕು ಹರಡುವುದನ್ನು ಪೂರ್ತಿಯಾಗಿ ತಡೆಯಲಿಲ್ಲವಾದ್ದರಿಂದ, ವೈರಸ್ಸಿನ ಹೊಸ ರೂಪಾಂತರಿ ಒಮಿಕ್ರಾನ್ ಬಂದ ಮೇಲೆ ಈ ನಿಯಮದ ಸಮರ್ಥನೆ ದುರ್ಬಲವಾಯಿತೆಂದೇ ನನ್ನ ಅಭಿಪ್ರಾಯ. ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಬರಿಯ ಕಿರಿಕಿರಿ. ಮಾಟುಂಗಾದ ಹೋಟೆಲಿಗೆ ದೂರದಿಂದ ಬರುವ ಮಾಣಿಗೆ ಸಂಬಳದ ಪ್ರಶ್ನೆ.

2022ರ ಮೇ 2ರಂದು ಲಸಿಕೆ ಕಡ್ಡಾಯವನ್ನು ಪ್ರಶ್ನಿಸಿ ಮಕ್ಕಳ ವೈದ್ಯ ಜೇಕಬ್ ಪುಲಿಯೆಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯಂತೆ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಸರ್ಕಾರವು ಅಪಾಯಕ್ಕೆ ತಕ್ಕಷ್ಟೇ ನಿರ್ಬಂಧ ಹೇರಬಹುದು ಎಂದಿತು. ಸೋಂಕು ಕಡಿಮೆಯಿರುವಷ್ಟು ಕಾಲ ಲಸಿಕೆ ಪಡೆಯದವರ ಓಡಾಟಕ್ಕೆ ತಡೆ ಬೇಡವೆಂದೂ ಸೂಚಿಸಿತು.

ನಿರ್ಬಂಧದ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪುಣೆಯೇ ಸಾಕ್ಷಿ. 1897ರ ಪ್ಲೇಗಿನಲ್ಲಿ ಬ್ರಿಟಿಷ್ ಸರ್ಕಾರದ ಸೈನಿಕರು ಮನೆ ಮನೆ ಹೊಕ್ಕು ಶೋಧಿಸಿದರು. ಪ್ಲೇಗ್ ಅಧಿಕಾರಿ ರ‍್ಯಾಂಡ್ ಚಾಪೇಕರ್ ಸೋದರರ ಗುಂಡಿಗೆ ಬಲಿಯಾದದ್ದು ಎಲ್ಲರಿಗೂ ನೆನಪಿದೆ, ಆದರೆ ಆರೋಗ್ಯದ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ನಷ್ಟವೆಂದರೆ ಹೆದರಿದ ಜನ ತಮ್ಮ ರೋಗಿಗಳನ್ನು ಬಚ್ಚಿಡತೊಡಗಿದ್ದು.