ಚಿತ್ರ ಬಿಡಿಸುವ ಬಟ್ಟೆಗೂ ಡೇರೆಯ ಬಟ್ಟೆಗೂ ‘ಕ್ಯಾನ್ವಾಸ್’ ಎಂಬ ಒಂದೇ ಹೆಸರೇಕೆ?

ಎರಡೂ ಮೂಲತಃ ಒಂದೇ ಬಟ್ಟೆ ಎಂಬುದೇ ಕಾರಣ. ಗಟ್ಟಿಯಾಗಿ ಹೊಸೆದ ದಪ್ಪ ನೂಲಿನಿಂದ ಒತ್ತಾಗಿ ನೇಯ್ದದ್ದು ಕ್ಯಾನ್ವಾಸ್. ಹಿಂದೆ ಅದನ್ನು ಭಂಗಿ ಗಿಡದ ನಾರಿನಿಂದಲೂ ನೇಯುತ್ತಿದ್ದರು, ಆ ಗಿಡದ ಲ್ಯಾಟಿನ್ ಹೆಸರಾದ ‘ಕ್ಯಾನಬಿಸ್’ನಿಂದಲೇ ಪದವೂ ಬಂದಿದೆ.

ಮೂಡಿಗೆರೆಯ ಕಾಫಿ ಕಣದಲ್ಲಿ ಹಠಾತ್ತನೆ ಮಳೆ ಬಂದಾಗ ಬೀಜದ ಮೇಲೆ ಹೊದಿಸುವ ಹತ್ತಿಯ ಹಳೆಯ ಟಾರ್ಪಾಲನ್ನೇ ಗಮನಿಸಿ: ನೆನೆದ ನೂಲು ಉಬ್ಬಿ ಎಳೆಗಳ ನಡುವಿನ ಸಂದುಗಳನ್ನು ಮುಚ್ಚುವುದರಿಂದ ನೀರು ಬೇಗ ಒಳಗಿಳಿಯುವುದಿಲ್ಲ, ಆದರೆ ಒಳಗಿನಿಂದ ಬೆರಳು ತಾಗಿಸಿದರೆ ಸಾಕು, ಅಲ್ಲಿಂದಲೇ ತೊಟ್ಟಿಕ್ಕತೊಡಗುತ್ತದೆ. ಬಿಗಿಯಾಗಿ ಎಳೆದು ಚೌಕಟ್ಟಿಗೆ ಹೊಡೆದರೂ ಹರಿಯದ ಈ ಗಟ್ಟಿತನವೇ ಚಿತ್ರಕಾರರಿಗೂ ಬೇಕಾಗಿತ್ತು. ಎಣ್ಣೆಬಣ್ಣ ನಾರನ್ನು ಕೊಳೆಸುವುದರಿಂದ ಅವರು ಮೊದಲು ಬಿಳಿಯ ಲೇಪ ಹಚ್ಚುತ್ತಾರೆ. ಕ್ಯಾನ್ವಾಸ್ ಶೂ ಕೂಡ ಇದೇ ಬಟ್ಟೆಯದು. ‘ವಿಶಾಲ ಕ್ಯಾನ್ವಾಸಿನ ಕಾದಂಬರಿ’ ಎಂಬ ಮಾತು ಮಾತ್ರ ಚಿತ್ರಕಲೆಯಿಂದ ಬಂದ ರೂಪಕ.