ಸೈಕಲ್ ಲೇನ್ ಕಿತ್ತುಹಾಕ್ತಾರಂತೆ, ನಮ್ಮ ವಿರೋಧಕ್ಕೆ ಬೆಲೆ ಇದೆಯಾ?

ಪ್ರಶ್ನೆ: ನಮ್ಮ ಮನೆ ಹತ್ತಿರದ ಮುಖ್ಯರಸ್ತೆಯಲ್ಲಿ ನಾಲ್ಕು ವರ್ಷದ ಹಿಂದೆ ಸೈಕಲ್ ಲೇನ್ ಮಾಡಿದರು. ಮಗಳು ದಿನಾ ಅದರಲ್ಲೇ ಸ್ಕೂಲಿಗೆ ಹೋಗುತ್ತಾಳೆ. ಈಗ ಟ್ರಾಫಿಕ್ ಜಾಮ್ ಜಾಸ್ತಿಯಾಗಿದೆ ಅಂತ ಅದನ್ನು ತೆಗೆಯಲು ಹೊರಟಿದ್ದಾರೆ. ನಾವೆಲ್ಲ ಸೇರಿ ಸಹಿ ಸಂಗ್ರಹ ಮಾಡಿದ್ದೇವೆ. ‘ಕಾರಿನವರೇ ಜಾಸ್ತಿ, ನಿಮ್ಮ ಮಾತು ಯಾರು ಕೇಳ್ತಾರೆ’ ಅನ್ನುತ್ತಾರೆ. ವಿರೋಧ ಮಾಡಿ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಇದೆ. ಆದರೆ ಸಹಿ ಒಂದನ್ನೇ ನಂಬಿ ಕೂರಬೇಡಿ.

ಕೆನಡಾದ ಟೊರೊಂಟೊ ನಗರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಬ್ಲೂರ್, ಯಂಗ್, ಯೂನಿವರ್ಸಿಟಿ ಅನ್ನೋ ಮೂರು ದೊಡ್ಡ ರಸ್ತೆಗಳ ಸೈಕಲ್ ಲೇನ್ ತೆಗೆಯಲು ಒಂಟಾರಿಯೊ ಪ್ರಾಂತ್ಯದ ಸರ್ಕಾರ 2024ರ ನವೆಂಬರಿನಲ್ಲಿ ಕಾನೂನನ್ನೇ ಮಾಡಿತು. ಬರೀ ಕೀಳುವ ಕೆಲಸಕ್ಕೇ ಕಡಿಮೆ ಅಂದರೂ 4.8 ಕೋಟಿ ಕೆನಡಾ ಡಾಲರ್ ಬೇಕು ಅಂತ ನಗರದ ಅಧಿಕಾರಿಗಳು ಲೆಕ್ಕ ಕೊಟ್ಟರು. ಜನ ಬೀದಿಗಿಳಿದರು. ಸವಾರರ ಸಂಘ ಕೋರ್ಟಿಗೆ ಹೋಯಿತು. 2025ರ ಏಪ್ರಿಲಿನಲ್ಲಿ ತಡೆಯಾಜ್ಞೆ ಸಿಕ್ಕಿತು. ಜುಲೈ ಕೊನೆಯಲ್ಲಿ ನ್ಯಾಯಮೂರ್ತಿ ಪಾಲ್ ಶಾಬಸ್ ತೀರ್ಪು ಕೊಟ್ಟರು. ಆ ಲೇನ್‌ಗಳನ್ನು ಕೀಳುವುದು ಸಂವಿಧಾನ ಕೊಟ್ಟ ಜೀವದ ಹಕ್ಕು, ದೇಹದ ಸುರಕ್ಷತೆಯ ಹಕ್ಕಿಗೆ ವಿರುದ್ಧ ಅಂದರು. ಸರ್ಕಾರ ಮೇಲ್ಮನವಿಗೆ ಹೋಯಿತು, ಆ ಮಾತು ಬೇರೆ.

ನೀವು ಗಮನಿಸಬೇಕಾದ್ದು ಆ ಕೇಸು ಯಾವುದರ ಮೇಲೆ ನಿಂತಿತು ಅನ್ನೋದನ್ನು. ಲೇನ್ ತೆಗೆದರೆ ಜಾಮ್ ಕಡಿಮೆಯಾಗದೇ ಇರಬಹುದು ಅನ್ನೋ ಸಲಹೆ ಸರ್ಕಾರದ ಕಡತದಲ್ಲೇ ಇತ್ತು. ಅಂದರೆ ಜನರ ಜೀವಕ್ಕೆ ಅಪಾಯ ಖಚಿತ, ಬದಲಿಗೆ ಸಿಗೋ ಲಾಭ ಮಾತ್ರ ಅನುಮಾನ. ಹಾಗಾಗಿ ನಿಮ್ಮ ಮೊದಲ ಕೆಲಸ ಇದು: ತೆಗೆಯೋ ನಿರ್ಧಾರಕ್ಕೆ ಆಧಾರ ಏನು ಅಂತ ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕಿನ ಕಾನೂನು ಇದ್ದರೆ ಬಳಸಿ. ಲೇನ್ ಮಾಡೋ ಮೊದಲು ಆ ರಸ್ತೆ ದಾಟಲು ಎಷ್ಟು ನಿಮಿಷ ಹಿಡಿಯುತ್ತಿತ್ತು, ಈಗೆಷ್ಟು? ಅಪಘಾತ ಎಷ್ಟಿದ್ದವು, ಈಗೆಷ್ಟು? ಈ ಅಂಕಿ ಅವರ ಹತ್ತಿರ ಇಲ್ಲದಿದ್ದರೆ ಅದೇ ನಿಮ್ಮ ದೊಡ್ಡ ವಾದ.

ಎರಡನೆಯದು, ತಡ ಮಾಡಬೇಡಿ. ಅದೇ ಟೊರೊಂಟೊದ ಜಾರ್ವಿಸ್ ರಸ್ತೆಯ ಲೇನ್ ತೆಗೆಯಲು ನಗರಸಭೆ 2011ರಲ್ಲಿ ಮತ ಹಾಕಿತು. ಮುಂದಿನ ವರ್ಷ ಗೆರೆ ಅಳಿಸುವ ಯಂತ್ರ ಬಂದಾಗ ಕೆಲವರು ಅದರ ಮುಂದೆಯೇ ರಸ್ತೆಯಲ್ಲಿ ಕೂತುಬಿಟ್ಟರು. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ಲೇನ್ ಉಳಿಯಲಿಲ್ಲ. ಮತ ಬಿದ್ದ ಮೇಲೆ ಗೆಲ್ಲೋದು ತುಂಬಾ ಕಷ್ಟ. ಲಂಡನ್ನಿನ ಕೆನ್ಸಿಂಗ್ಟನ್ ಹೈ ಸ್ಟ್ರೀಟಿನಲ್ಲಿ 2020ರಲ್ಲಿ ಮಾಡಿದ ಲೇನನ್ನು ಏಳೇ ವಾರಕ್ಕೆ ಕಿತ್ತರು. ಕೋರ್ಟಿಗೆ ಹೋದ ಅಲ್ಲಿನ ನಿವಾಸಿಗಳು ಸೋತರು. ಆದ್ದರಿಂದ ಕೋರ್ಟನ್ನು ಕೊನೆಗಿಟ್ಟುಕೊಳ್ಳಿ. ಆಕ್ಷೇಪಣೆ ಸಲ್ಲಿಸಲು ಕೊಟ್ಟ ಗಡುವು ಮೀರಬೇಡಿ, ಸಭೆಗೆ ತಪ್ಪದೆ ಹೋಗಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ನೀವೇ ಎಣಿಸಿ. ನಾನು ಇಂಥ ಒಂದು ರಸ್ತೆಯ ಮೂಲೆಯಲ್ಲಿ ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ನಿಂತು ಎಣಿಸಿದ್ದೇನೆ. ಐದೈದು ಗೆರೆ ಎಳೆಯುವ ಹಳೇ ಪದ್ಧತಿ, ಒಂದು ಪೆನ್ಸಿಲ್ ಸಾಕು. ಬೆನ್ನಿಗಿಂತ ದೊಡ್ಡ ಬ್ಯಾಗ್ ಹೊತ್ತ ಹುಡುಗಿ, ಹಿಂದೆ ಡಬ್ಬ ಕಟ್ಟಿಕೊಂಡ ಡೆಲಿವರಿ ಹುಡುಗರು, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಹೊರಟ ಆಸ್ಪತ್ರೆ ಕೆಲಸದವರು. ಸೈಕಲ್ ಅಂದರೆ ಭಾನುವಾರದ ಶೋಕಿ ಅಂತ ವಾದ ಮಾಡೋರಿಗೆ ಆ ಹಾಳೆ ತೋರಿಸಿದರೆ ಸಾಕು. ಬರೀ ಒಟ್ಟು ಬರೆಯಬೇಡಿ. ಮಕ್ಕಳೆಷ್ಟು, ಹೆಂಗಸರೆಷ್ಟು, ಸಾಮಾನು ಹೊತ್ತವರೆಷ್ಟು, ಎಲ್ಲಾ ಬೇರೆಬೇರೆ ಬರೆಯಿರಿ. ಮಳೆ ಬಂದ ದಿನವನ್ನೂ ಬಿಡಬೇಡಿ.

ಮಾತಾಡುವಾಗ ಪರಿಸರ, ಇಂಗಾಲ ಅಂತ ಶುರು ಮಾಡದೆ ನಿಮ್ಮ ಮಗಳಿಂದ ಶುರು ಮಾಡಿ. ಲೇನ್ ಹೋದರೆ ಅವಳಿಗೆ ಉಳಿಯೋದು ಎರಡೇ ದಾರಿ: ನಿಂತ ಕಾರುಗಳ ಬಾಗಿಲಿಗೂ ಓಡೋ ಬಸ್ಸಿಗೂ ನಡುವೆ ತೂರಿಕೊಂಡು ಹೋಗಬೇಕು, ಇಲ್ಲವೇ ಸೈಕಲ್ ಮೂಲೆಗಿಟ್ಟು ಕಾರು ಹತ್ತಬೇಕು. ಕಾರು ಹತ್ತಿದರೆ ಅದೇ ಜಾಮಿಗೆ ಇನ್ನೊಂದು ಕಾರು ಸೇರಿತು, ಅಲ್ವಾ? ನೆದರ್‌ಲ್ಯಾಂಡ್ಸ್ ಇವತ್ತು ಸೈಕಲ್ಲಿಗೆ ಹೆಸರಾದದ್ದೂ ಮಕ್ಕಳ ಹೆಸರಲ್ಲೇ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ಆಗ ಅಪ್ಪ ಅಮ್ಮಂದಿರು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಚಳವಳಿ ಕಟ್ಟಿದರು.

ಪ್ರಶ್ನೆ: ನಾನು ಯಾವಾಗ ನೋಡಿದರೂ ಸೈಕಲ್ ಲೇನ್ ಖಾಲಿ, ಪಕ್ಕದಲ್ಲಿ ಕಾರುಗಳ ಸಾಲು. ಸುಮ್ನೆ ಜಾಗ ದಂಡ ಅಲ್ಲವೇ?

ಉತ್ತರ: ಕಾರು ಕಾಣಿಸೋದು ಅದು ನಿಂತಿರೋದರಿಂದ. ಸೈಕಲ್ ನಿಲ್ಲದೆ ಹೋಗಿಬಿಡುತ್ತೆ, ಹಾಗಾಗಿ ಲೇನ್ ಖಾಲಿ ಅನಿಸುತ್ತೆ. ಇನ್ನು ಜಾಮ್ ಹುಟ್ಟೋದು ಹೆಚ್ಚಾಗಿ ಸಿಗ್ನಲ್‌ನಲ್ಲಿ. ಒಂದು ಹಸಿರಿಗೆ ಎಷ್ಟು ಗಾಡಿ ದಾಟುತ್ತವೋ ರಸ್ತೆಗೆ ಅಷ್ಟೇ ಶಕ್ತಿ. ನಡುವೆ ಅಗಲ ಮಾಡಿದರೆ ಅದೇ ಸಿಗ್ನಲ್ಲಿಗೆ ಬೇಗ ಬಂದು ಕಾಯುತ್ತೀರಿ ಅಷ್ಟೆ. ಆದರೆ ಜಂಕ್ಷನ್ನಿನಲ್ಲೇ ತಿರುಗುವ ಗಾಡಿಗಳ ಜಾಗವನ್ನು ಲೇನ್ ತಿಂದಿದ್ದರೆ ನಿಮ್ಮ ದೂರು ನ್ಯಾಯವೇ. ಅಲ್ಲಿ ಸಿಗ್ನಲ್ ಸಮಯವನ್ನೂ ವಿನ್ಯಾಸವನ್ನೂ ಸರಿಮಾಡಲು ಕೇಳಿ. ಅದಕ್ಕಾಗಿ ಇಡೀ ಲೇನ್ ಕೀಳಬೇಕಿಲ್ಲ.

ಪ್ರಶ್ನೆ: ನನ್ನದು ಆ ರಸ್ತೆಯಲ್ಲಿ ಅಂಗಡಿ. ಮುಂದೆ ಪಾರ್ಕಿಂಗ್ ಹೋಯಿತು, ಸಾಮಾನು ಇಳಿಸಲು ಜಾಗ ಇಲ್ಲ. ಲೇನ್ ಬೇಡ ಅಂದರೆ ಅಕ್ಕಪಕ್ಕದವರು ನನ್ನನ್ನೇ ವಿಲನ್ ಮಾಡುತ್ತಾರೆ.

ಉತ್ತರ: ನಿಮ್ಮ ಕಷ್ಟ ನಿಜ, ಅದನ್ನು ತಳ್ಳಿಹಾಕೋರು ತಪ್ಪು ಮಾಡುತ್ತಿದ್ದಾರೆ. ನಿಮಗೆ ಬೇಕಿರೋದು ಲೋಡಿಂಗ್ ಜಾಗ. ಪಕ್ಕದ ಅಡ್ಡರಸ್ತೆಯ ಮೂಲೆಯಲ್ಲಿ ಎರಡು ಗಾಡಿ ನಿಲ್ಲುವಷ್ಟು, ಬೆಳಿಗ್ಗೆ ಹತ್ತರವರೆಗೆ ಅಂತ ಸಮಯ ಗೊತ್ತುಮಾಡಿ ಕೇಳಿ. ಒಂದು ವಾರ, ಬಂದ ಗಿರಾಕಿಗಳನ್ನು ಯಾವುದರಲ್ಲಿ ಬಂದಿರಿ ಅಂತ ವಿಚಾರಿಸಿ ಬರೆದಿಡಿ. ಬಹಳಷ್ಟು ಅಂಗಡಿಯವರು ಕಾರಿನಲ್ಲಿ ಬರೋರ ಸಂಖ್ಯೆಯನ್ನು ಇರೋದಕ್ಕಿಂತ ಜಾಸ್ತಿ ಅಂದುಕೊಂಡಿರುತ್ತಾರೆ. ಆ ಪಟ್ಟಿ ಹಿಡಿದು, ಮೇಲೆ ಪ್ರಶ್ನೆ ಕೇಳಿದ ತಾಯಿಯಂಥವರ ಜೊತೆಗೇ ಸಭೆಗೆ ಹೋಗಿ. ಲೇನ್ ಇರಲಿ, ನಮ್ಮ ಲೋಡಿಂಗ್ ಜಾಗವೂ ಬೇಕು ಅಂತ ಅಂಗಡಿಯವರೇ ಹೇಳಿದರೆ ಅಧಿಕಾರಿಗಳು ಕಿವಿಗೊಡುತ್ತಾರೆ.