ಬಿಟ್ಟಿ ಅಕ್ಕಿಯ ಬಿಲ್ಲು ಯಾರ ಹೆಸರಿಗೆ?

ಪತ್ರ: ಎರಡನೇ ಮಹಾಯುದ್ಧ ಮುಗಿದ ಮೇಲೆ ಮಲಯಾದಲ್ಲಿ (ಇಂದಿನ ಮಲೇಷ್ಯಾ, ಸಿಂಗಪುರದ ಕಡೆ) ನಡೆದ ಅಕ್ಕಿ ಹಂಚಿಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಹಸಿದವರಿಗೆ ಅನ್ನ ಇಕ್ಕಿದವರನ್ನು ಎಂಬತ್ತು ವರ್ಷದ ಮೇಲೆ ಪೈಸೆ ಪೈಸೆ ಲೆಕ್ಕ ಕೇಳುವುದು ಸಣ್ಣತನವಲ್ಲವೇ? (ತುಮಕೂರಿನ ಓದುಗರು)

ಉತ್ತರ: ಹಡಗು ತಂದವರು, ಮೂಟೆ ಇಳಿಸಿದವರು ಜೀವ ಉಳಿಸಿದರು, ಒಪ್ಪಿದೆ. ಆದರೆ ಇಕ್ಕಿದವರು ಯಾರು? ಅದು ಭಾಷಣದಲ್ಲಿ ಸಿಗುವುದಿಲ್ಲ ಸ್ವಾಮಿ, ಲೆಕ್ಕದ ವಹಿಯಲ್ಲಿ ಸಿಗುತ್ತದೆ.

1945ರ ಸೆಪ್ಟೆಂಬರಿನಲ್ಲಿ ಸಿಂಗಪುರಕ್ಕೆ ಮರಳಿದ ಬ್ರಿಟಿಷ್ ಸೇನಾಡಳಿತ ಜಪಾನಿ ಆಕ್ರಮಣದ ಕಾಲದ ನೋಟುಗಳಿಗೆ ಬೆಲೆಯಿಲ್ಲ ಎಂದುಬಿಟ್ಟಿತು. ಜನರ ಕೈ ಬರಿದು, ಹಾಗಾಗಿ ಮೊದಮೊದಲು ಅಕ್ಕಿಯನ್ನು ಬಿಟ್ಟಿ ಹಂಚಬೇಕಾಯಿತು. ಆಮೇಲೆ ಪಡಿತರ ಚೀಟಿ, ದುಡ್ಡಿಗೆ ಮಾರಾಟ. 1946ರ ಏಪ್ರಿಲ್ 1ಕ್ಕೆ ಆಡಳಿತ ನಾಗರಿಕ ಸರ್ಕಾರದ ಕೈಗೆ ಬಂತು. ಇಂಥ ಹಸ್ತಾಂತರದಲ್ಲಿ ಬಿಟ್ಟಿ ಕೊಟ್ಟಿದ್ದು ಖರ್ಚು, ಮಾರಿದ್ದು ಜಮೆ, ಗೋದಾಮಿನಲ್ಲಿ ಉಳಿದಿದ್ದು ಹೊಸ ಸರ್ಕಾರ ಕೊಂಡ ಮಾಲು. ಒಂದು ಮೂಟೆ ಯಾವ ಕಲಮಿಗೆ ಸೇರಿತು ಎನ್ನುವುದರ ಮೇಲೆ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎನ್ನುವುದು ನಿಂತಿದೆ.

ಅಳತೆಯಲ್ಲೇ ಅರ್ಧ ಜಗಳ. ಹಡಗಿನ ಬಿಲ್ಲು 2,240 ಪೌಂಡಿನ ಟನ್ನಿನಲ್ಲಿ. ಮಲಯಾದ ಅಂಗಡಿಯದು ಪಿಕುಲ್ ಎಂಬ ಅಲ್ಲಿನ ತೂಕದಲ್ಲಿ, ಟನ್ನಿಗೆ 16.8. ನಮ್ಮ ಗೋದಾಮಿನದು ಮಣದಲ್ಲಿ, ಟನ್ನಿಗೆ 27.22. ಮಲಯಾದ ಡಾಲರಿಗೆ 2 ಶಿಲಿಂಗ್ 4 ಪೆನ್ಸ್, ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್. ಇನ್ನು ಗೋಣಿ. ಬಿ-ಟ್ವಿಲ್ ಎಂಬ ಸೆಣಬಿನ ಚೀಲ ಬರಿದೇ ತೂಗಿದರೆ ಎರಡೂಕಾಲು ಪೌಂಡು. ಎರಡು ಮಣದ ಮೂಟೆಗಳನ್ನು ಚೀಲದ ಸಮೇತ ತೂಗಿ ಅಕ್ಕಿಯೆಂದೇ ಬರೆದರೆ ಟನ್ನಿಗೆ 30 ಪೌಂಡು ಸೆಣಬಿಗೆ ಅಕ್ಕಿಯ ಬೆಲೆ ಬೀಳುತ್ತದೆ, ಸಾವಿರ ಟನ್ನಿಗೆ 13 ಟನ್ನಿಗೂ ಮೇಲೆ! ಕೊಕ್ಕೆ ತಗುಲಿ ಸೋರಿದ್ದು, ಹಡಗಿನ ಹೊಟ್ಟೆಯಲ್ಲಿ ನೆನೆದು ಮುಗ್ಗಿದ್ದು ಬೇರೆ. ಬಂದರಿನ ಧಕ್ಕೆಯಲ್ಲೇ ಮರುತೂಕ ಮಾಡಿ ಕೊರತೆಯ ಚೀಟಿಗೆ ಎರಡೂ ಕಡೆಯ ಸಹಿ ಹಾಕಿಸದಿದ್ದರೆ, ಇಳಿಯದ ಅಕ್ಕಿಗೂ ಇಳಿಸಿಕೊಂಡವನೇ ದುಡ್ಡು ತೆರಬೇಕು.

ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಕಥೆ ನೋಡಿ. 1946ರ ಜನವರಿ 1ರ ಒಪ್ಪಂದದಲ್ಲಿ 15 ಲಕ್ಷ ಟನ್ ಅಕ್ಕಿಯನ್ನು ಪುಕ್ಕಟೆ ಕೊಡಬೇಕೆಂದು ಬ್ರಿಟನ್ ಬರೆಸಿಕೊಂಡಿತು. ಅಕ್ಕಿ ಬಂದರಿಗೆ ಬರಲೇ ಇಲ್ಲ. ಬಚ್ಚಿಟ್ಟರು, ಕಳ್ಳದಾರಿಯಲ್ಲಿ ಗಡಿ ದಾಟಿಸಿದರು. ಮೇ ತಿಂಗಳಲ್ಲಿ ಬ್ರಿಟನ್ ದುಡ್ಡು ಕೊಡಲು ಒಪ್ಪಬೇಕಾಯಿತು. ಬರ್ಮಾದಲ್ಲಿ 1947ರ ಅಕ್ಟೋಬರಿನ ಒಪ್ಪಂದ ಬಜೆಟ್ ಕೊರತೆಗೆಂದು ಬ್ರಿಟನ್ ಕೊಟ್ಟ ಮುಂಗಡದಲ್ಲಿ 1.5 ಕೋಟಿ ಪೌಂಡು ಮನ್ನಾ ಮಾಡಿತು. ಉಳಿದದ್ದು 1952ರಿಂದ 20 ವಾರ್ಷಿಕ ಕಂತುಗಳಲ್ಲಿ ಬಡ್ಡಿಯಿಲ್ಲದೆ ತೀರಬೇಕು. ಆ ದೇಶವನ್ನು ಯುದ್ಧ ಎರಡೆರಡು ಸಲ ತುಳಿದಿತ್ತು. ಇದಕ್ಕೆ ಔದಾರ್ಯ ಎನ್ನಲು ನನಗೆ ಮನಸ್ಸು ಬಾರದು.

ನಮ್ಮದು? 1943ರ ನವೆಂಬರ್ 9ರಂದು ವಾಷಿಂಗ್ಟನ್ನಿನಲ್ಲಿ ವಿಶ್ವಸಂಸ್ಥೆ ಹೆಸರಿನ ಪರಿಹಾರ ಸಂಸ್ಥೆ ‘ಅನ್ರಾ’ ಹುಟ್ಟಿದಾಗ ಭಾರತದ ಪರವಾಗಿ ಗಿರಿಜಾ ಶಂಕರ ಬಾಜಪೇಯಿ ರುಜು ಹಾಕಿದರು. ಅದೇ ದಿನಗಳಲ್ಲಿ ಬಂಗಾಳ ಹಸಿವಿನಿಂದ ಸಾಯುತ್ತಿತ್ತು. ಭಾರತ ಆ ಸಂಸ್ಥೆಗೆ ವಂತಿಗೆ ಕೊಟ್ಟಿತು, ಬಂಗಾಳಕ್ಕೆ ಅದರಿಂದ ಅನ್ನ ಬರಲಿಲ್ಲ. ಮಳೆ ಕೈಕೊಟ್ಟು 1946ರಲ್ಲಿ ದಕ್ಷಿಣ ಭಾರತ ಕಂಗಾಲಾದಾಗ ಪಡಿತರ ದಿನಕ್ಕೆ 12 ಔನ್ಸಿಗೆ, ಅಂದರೆ ಸುಮಾರು 340 ಗ್ರಾಂ ಧಾನ್ಯಕ್ಕೆ, ಇಳಿಯಿತು.

ಇಷ್ಟಾದರೂ ನಮ್ಮಲ್ಲಿ ಗವರ್ನರುಗಳ ಭಾಷಣಕ್ಕೆ ಬಟ್ಟೆ ರಟ್ಟು, ದಾಸ್ತಾನು ವಹಿಗೆ ರದ್ದಿ ಅಂಗಡಿ. ಇಂದಿನ ನೆರೆ ಪರಿಹಾರದಲ್ಲೂ ಕಿಟ್ ಹಂಚುವ ಫೋಟೋ ಬರುತ್ತದೆ, ಖರೀದಿ ದರ, ಬಂದ ತೂಕ, ಉಳಿದ ದಾಸ್ತಾನು ಮಾತ್ರ ಬರುವುದಿಲ್ಲ. ಲೆಕ್ಕ ಕೇಳಿದವನು ಸಣ್ಣವನಾಗುತ್ತಾನೆ.

ನಿಮ್ಮಂಥ ಶ್ರದ್ಧೆಯ ಓದುಗರು ಇಲ್ಲಿ ನೆರವಾಗಬಲ್ಲಿರಿ. ನಿಮ್ಮ ಸುತ್ತಿನ ಹಳೆಯ ಸಹಕಾರ ಸಂಘಗಳಲ್ಲಿ 1943ರಿಂದ 1950ರೊಳಗಿನ ಪಡಿತರ ವಹಿ ಉಳಿದಿದ್ದರೆ ಆವಕ, ಜಾವಕ, ತೂಕದ ಕೊರತೆ, ಖಾಲಿ ಚೀಲದ ಕಾಲಮ್ಮುಗಳು ಕಾಣುವಂತೆ ಪುಟದ ಚಿತ್ರ ತೆಗೆದು ಕಳಿಸಿ. ಅಚ್ಚು ಹಾಕುತ್ತೇವೆ.